ಮಿದುಳು ಅಡ್ಡ ಬಂತಾ? ಮೊದಲು ಕುತ್ತಿಗೆ ನೋಡಿ

ರಿಜಿಸ್ಟ್ರೇಶನ್ ಅಂದರೆ ಒಬ್ಬರ ಮಿದುಳಿನ ಎಂಆರ್‌ಐ ಚಿತ್ರವನ್ನು ಇನ್ನೊಂದು ಚಿತ್ರಕ್ಕೋ ಟೆಂಪ್ಲೇಟಿಗೋ (ಅಳತೆಗೆ ಇಟ್ಟುಕೊಂಡ ಮಾದರಿ ಮಿದುಳಿಗೋ) ಹೊಂದಿಸಿ ಕೂರಿಸುವುದು. ಅದು ಕೆಟ್ಟಿತು ಅಂದ ಕೂಡಲೇ ಎಲ್ಲರೂ ರಿಜಿಸ್ಟ್ರೇಶನ್ನಿನ ಆಯ್ಕೆಗಳನ್ನೇ ತಿರುವಲು ಕೂರುತ್ತಾರೆ. ಎಷ್ಟು ಹೊಂದಿತು ಅಂತ ಅಳೆಯುವ ಲೆಕ್ಕವನ್ನು, ಅಂದರೆ ಕಾಸ್ಟ್ ಫಂಕ್ಷನ್ ಬದಲಿಸುತ್ತಾರೆ. ಚಿತ್ರವನ್ನು ಎಷ್ಟು ರೀತಿ ಸರಿಸಿ ತಿರುಗಿಸಬಹುದು ಅನ್ನುವ ಅಂಕಿ 6 ಇದ್ದದ್ದನ್ನು 12 ಮಾಡುತ್ತಾರೆ, 12 ಇದ್ದದ್ದನ್ನು 9 ಮಾಡುತ್ತಾರೆ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಓಡುತ್ತದೆ, ಬೆಳಗ್ಗೆ ನೋಡಿದರೆ ಅದೇ ಸೊಟ್ಟ ಮಿದುಳು. ಬಹಳ ಸಲ ತಪ್ಪು ಅಲ್ಲಿರುವುದೇ ಇಲ್ಲ. ಅದು ಒಂದೆರಡು ಹೆಜ್ಜೆ ಹಿಂದೆ ಇರುತ್ತದೆ. ಚಿತ್ರದಲ್ಲಿ ಬುರುಡೆ, ಚರ್ಮ ತೆಗೆದು ಮಿದುಳು ಬಿಡಿಸುವಾಗ ಆಗಿರುತ್ತದೆ, ಅಥವಾ ಅದಕ್ಕೂ ಮುಂಚೆ, ಚಿತ್ರ ಕೈಗೆ ಬಂದಾಗಲೇ ಆಗಿರುತ್ತದೆ.

ನಾನು ಬೆಳಗಾವಿಯಲ್ಲಿ ಎಂಆರ್‌ಐ ಟೆಕ್ನಿಷಿಯನ್. ಹಗಲು ಸ್ಕ್ಯಾನ್ ಮಾಡುತ್ತೇನೆ. ಸಂಜೆ ಟಿಳಕವಾಡಿಯ ಮನೆಗೆ ಎಂ.ಟೆಕ್ ಪ್ರಾಜೆಕ್ಟಿನ ಹುಡುಗರು, ರೇಡಿಯಾಲಜಿ ಪಿಜಿ ಮಾಡುವವರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಹೆಚ್ಚಿನವರು ಬಳಸುವುದು ಆಕ್ಸ್‌ಫರ್ಡಿನವರ ಎಫ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರ್. ಅದರಲ್ಲಿ ಮಿದುಳು ಬಿಡಿಸುವ ಪ್ರೋಗ್ರಾಂ ಬೆಟ್, ಹೊಂದಿಸಿ ಕೂರಿಸುವ ಪ್ರೋಗ್ರಾಂ ಫ್ಲರ್ಟ್. ಓದು, ಸಂಶೋಧನೆಗೆ ಅದು ಉಚಿತ. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಅದರೊಳಗೆ ಓಡುತ್ತದೆ. ಇಲ್ಲಿ ಬರೆದಿರುವುದೂ ಅದನ್ನೇ ಇಟ್ಟುಕೊಂಡು. ಆಜ್ಞೆಗಳ ಹೆಸರನ್ನು ಕನ್ನಡದಲ್ಲಿ ಬರೆಯುತ್ತೇನೆ, ನೀವು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಯಾವ ಚಿತ್ರ ಕೈಯಲ್ಲಿದೆ?

ಕೆಲವರು ಫಿಲ್ಮಿನ ಫೋಟೋ ತೆಗೆದು ತರುತ್ತಾರೆ. ಕೆಲವರು ಸಿಡಿಯೊಳಗಿನ ಜೆಪೆಗ್ ತರುತ್ತಾರೆ. ಅದರಲ್ಲಿ ಕೆಲಸ ಆಗಲ್ಲ. ಒಂದು ವೋಕ್ಸೆಲ್ (ಚಿತ್ರದ ಒಂದು ಪುಟ್ಟ ಘನ ಚುಕ್ಕೆ) ಎಷ್ಟು ಮಿಲಿಮೀಟರ್, ಎಡ ಯಾವುದು ಬಲ ಯಾವುದು, ಸ್ಲೈಸಿಂದ ಸ್ಲೈಸಿಗೆ ಎಷ್ಟು ಅಂತರ ಅನ್ನುವುದು ಜೆಪೆಗ್‌ನಲ್ಲಿ ಇರುವುದಿಲ್ಲ. ಸ್ಕ್ಯಾನ್ ಯಂತ್ರ ಬರೆಯುವ ಮೂಲ ಡೈಕಾಮ್ ಫೈಲುಗಳೇ ಬೇಕು. ಅವನ್ನು ಡಿಸಿಎಂ2ನಿಕ್ಸ್‌ನಿಂದ ಎಫ್‌ಎಸ್‌ಎಲ್ ಓದುವ ನಿಫ್ಟಿ ಫೈಲಿಗೆ ಬದಲಿಸಿ. ಸಿಡಿಯಲ್ಲಿ ಡೈಕಾಮ್ ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಕಡೆ ಹೋಗಿ ಕೇಳಿ. ಕೇಳುವಾಗ ನಿಮ್ಮ ಎಥಿಕ್ಸ್ ಕಮಿಟಿಯ ಪತ್ರ ಕೈಯಲ್ಲಿರಲಿ.

ಆಮೇಲೆ ಸೀರೀಸ್, ಅಂದರೆ ಒಂದೇ ಸ್ಕ್ಯಾನಿನಲ್ಲಿ ಬೇರೆ ಬೇರೆ ರೀತಿ ತೆಗೆದ ಚಿತ್ರಗಳ ಕಟ್ಟು ನೋಡಿ. ತಲೆನೋವಿಗೋ ಫಿಟ್ಸಿಗೋ ಮಾಡಿಸಿದ ಮಾಮೂಲಿ ಸ್ಕ್ಯಾನಿನಲ್ಲಿ ಹೆಚ್ಚಿನವು 5 ಮಿಲಿಮೀಟರ್ ದಪ್ಪದ ಸ್ಲೈಸುಗಳು. ಡಾಕ್ಟರ್ ಕಣ್ಣಿಗೆ ಅಷ್ಟು ಸಾಕು. ನಿಮ್ಮ ಲೆಕ್ಕಕ್ಕೆ ಬೇಕಾದದ್ದು 3ಡಿ ಟಿ1 (ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ ಕಾಣುವ ಬಗೆ), ಎಲ್ಲ ಕಡೆಯೂ ಸುಮಾರು 1 ಮಿಲಿಮೀಟರ್. ಸೀಮೆನ್ಸ್ ಯಂತ್ರದಲ್ಲಿ ಅದರ ಹೆಸರು ಎಂಪಿರೇಜ್, ಜಿಇಯಲ್ಲಿ ಬ್ರಾವೊ, ಫಿಲಿಪ್ಸ್‌ನಲ್ಲಿ 3ಡಿ ಟಿಎಫ್‌ಇ. ಅಧ್ಯಯನ ಇನ್ನೂ ಶುರುವಾಗಿಲ್ಲ ಅಂದ್ರೆ ಟೆಕ್ನಿಷಿಯನ್ ಹತ್ತಿರ ಮೊದಲೇ ಹೇಳಿ, ಈ ಸೀರೀಸ್ ಸೇರಿಸಿ ಅಂತ. ಐದಾರು ನಿಮಿಷದ ಕೆಲಸ. ಆಮೇಲೆ ತಿಂಗಳುಗಟ್ಟಲೆ ಒದ್ದಾಡುವುದು ತಪ್ಪುತ್ತದೆ.

ಫೈಲು ಸಿಕ್ಕ ಮೇಲೆ ಯಾವ ಆಜ್ಞೆಯನ್ನೂ ಹೊಡೆಯಬೇಡಿ. ಎಫ್‌ಎಸ್‌ಎಲ್ ಜೊತೆ ಬರುವ, ಚಿತ್ರ ತೋರಿಸುವ ಎಫ್‌ಎಸ್‌ಎಲ್‌ಐಸ್‌ನಲ್ಲಿ ತೆರೆದು ನೋಡಿ. ಮೂರೂ ಕಡೆಯ ಚಿತ್ರದ ಅಂಚಿನಲ್ಲಿ ಅಕ್ಷರಗಳಿರುತ್ತವೆ: ಎಡ, ಬಲ, ಮುಂದೆ, ಹಿಂದೆ, ಮೇಲೆ, ಕೆಳಗೆ. ಮೂಗು ಇರುವ ಕಡೆ ‘ಮುಂದೆ’ ಅಂತಿದೆಯಾ? ಕುತ್ತಿಗೆ ಕಡೆ ‘ಕೆಳಗೆ’ ಅಂತಿದೆಯಾ? ಅಕ್ಷರ ಸರಿ ಇದ್ದು ಚಿತ್ರ ಮಾತ್ರ ಬೇರೆ ಕಡೆ ತಿರುಗಿದ್ದರೆ ಚಿಂತೆಯಿಲ್ಲ. ಎಫ್‌ಎಸ್‌ಎಲ್‌ರಿಓರಿಯೆಂಟ್2ಎಸ್‌ಟಿಡಿ ಓಡಿಸಿ. ಅದು ಚಿತ್ರವನ್ನು 90ರ ಲೆಕ್ಕದಲ್ಲಿ ತಿರುಗಿಸಿ ಟೆಂಪ್ಲೇಟಿನಂತೆ ನಿಲ್ಲಿಸುತ್ತದೆ. ಅದು ರಿಜಿಸ್ಟ್ರೇಶನ್ ಅಲ್ಲ, ಸುಮ್ನೆ ಅಕ್ಷಗಳನ್ನು ಅದಲುಬದಲು ಮಾಡುತ್ತದೆ ಅಷ್ಟೆ.

ಅಕ್ಷರಗಳೇ ತಪ್ಪಿದ್ದರೆ ಕಥೆ ಬೇರೆ. ಆ ಆಜ್ಞೆ ಅಕ್ಷರಗಳನ್ನು ನಂಬಿಯೇ ಕೆಲಸ ಮಾಡುತ್ತದೆ, ಅದರಿಂದ ಇದು ಸರಿಯಾಗಲ್ಲ. ಡೈಕಾಮ್‌ಗೆ ವಾಪಸ್ ಹೋಗಿ ಮತ್ತೆ ನಿಫ್ಟಿ ಮಾಡಿ. ಮೇಲೆ ಕೆಳಗೆ ತಪ್ಪಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಎಡ ಬಲ ತಪ್ಪಿದ್ದರೆ ಗೊತ್ತಾಗಲ್ಲ, ಮಿದುಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದಲ್ವಾ. ಎಡಗಡೆ ಪಾರ್ಶ್ವವಾಯು ಆದವರ ಗಾಯ ಎಡಗಡೆ ಮಿದುಳಿನಲ್ಲಿ ಕಂಡರೆ ಅಲ್ಲೇ ನಿಲ್ಲಿ, ಮೂಲ ಚಿತ್ರ ತೆಗೆಯಿರಿ. ನಾನು ಸಂಶೋಧನೆಯ ಸ್ಕ್ಯಾನ್ ಮಾಡುವಾಗ ಬಲ ಹಣೆಯ ಪಕ್ಕ ವಿಟಮಿನ್ ಇ ಮಾತ್ರೆಯೊಂದನ್ನು ಟೇಪಿನಿಂದ ಅಂಟಿಸುತ್ತೇನೆ. ಅದರೊಳಗಿನ ಎಣ್ಣೆ ಟಿ1 ಚಿತ್ರದಲ್ಲಿ ಬೆಳ್ಳಗೆ ಚುಕ್ಕೆಯಾಗಿ ಕಾಣುತ್ತದೆ. ಫೈಲು ಎಷ್ಟು ಕೈ ದಾಟಿದರೂ ಬಲ ಯಾವುದು ಅನ್ನುವುದು ಉಳಿಯುತ್ತದೆ. ಎಫ್‌ಎಸ್‌ಎಲ್‌ಐಸ್ ತಾನಾಗಿ ತೋರಿಸುವುದು ರೇಡಿಯಾಲಜಿ ರೀತಿಯಲ್ಲಿ, ಅಂದರೆ ರೋಗಿಯ ಎಡಗಡೆ ನಿಮ್ಮ ಪರದೆಯ ಬಲಗಡೆ ಇರುತ್ತದೆ. ಇದೂ ನೆನಪಿರಲಿ.

ಕುತ್ತಿಗೆ

ಗೋಕಾಕದ ಒಬ್ಬ ಎಂ.ಟೆಕ್ ಹುಡುಗ ಫೋನ್ ಮಾಡಿದ್ದ. ‘ಅಕ್ಕಾರ, ಫ್ಲರ್ಟ್ ಎಷ್ಟ್ ಸಲ ಓಡಿಸಿದ್ರೂ ಮಿದುಳು ಅಡ್ಡಾನ ಬರಾಕತ್ತೈತ್ರಿ’ ಅಂದ. ಎಲ್ಲ ಕಾಸ್ಟ್ ಫಂಕ್ಷನ್ನೂ ಹಾಕಿ ನೋಡಿದ್ದ. ಫೈಲು ತೆರೆದರೆ ಚಿತ್ರದ ಅರ್ಧ ಕುತ್ತಿಗೆ. ಗದ್ದ, ನಾಲಿಗೆ, ಬೆನ್ನುಮೂಳೆಯ ನಾಲ್ಕೈದು ಮಣಿ ಎಲ್ಲ ಅದರಲ್ಲಿದ್ದವು. ಬೆಟ್ ಬಿಡಿಸಿ ಕೊಟ್ಟಿದ್ದು ಸೆರೆಬೆಲ್ಲಂ (ಹಿಂದಲೆಯ ಕೆಳಗಿನ ಚಿಕ್ಕ ಮಿದುಳು), ಅದರ ಜೊತೆ ಗಂಟಲಿನ ಒಂದು ಮುದ್ದೆ. ನೆತ್ತಿಯ ಕಡೆಯ ಮಿದುಳು ಕತ್ತರಿಸಿ ಹೋಗಿತ್ತು. ಫ್ಲರ್ಟ್ ಆ ಮುದ್ದೆಯನ್ನು ಟೆಂಪ್ಲೇಟಿನ ಮಿದುಳಿಗೆ ಹೊಂದಿಸಲು ಹೋಗಿ ಅಡ್ಡ ಮಲಗಿಸಿತ್ತು. ಪಾಪ, ಅದಕ್ಕೆ ಕೊಟ್ಟ ಸಾಮಾನಿನಲ್ಲಿ ಅದು ಮಾಡಬಹುದಾದದ್ದೇ ಅಷ್ಟು.

ಕುತ್ತಿಗೆ ಯಾಕೆ ಬರುತ್ತದೆ ಅನ್ನುವುದನ್ನು ಟೆಕ್ನಿಷಿಯನ್ ಆಗಿ ಹೇಳುತ್ತೇನೆ. 3ಡಿ ಟಿ1 ಅನ್ನು ಹೆಚ್ಚಾಗಿ ಪಕ್ಕದಿಂದ, ಅಂದರೆ ಸ್ಯಾಜಿಟಲ್ ಆಗಿ ತೆಗೆಯುತ್ತೇವೆ. ಚೌಕಟ್ಟು 240, 256 ಮಿಲಿಮೀಟರ್ ಇರುತ್ತದೆ. ಮೂಗಿನಿಂದ ಹಿಂದಲೆಯವರೆಗೆ ಹಿಡಿಸಬೇಕೆಂದು ಅಷ್ಟು ಇಡುತ್ತೇವೆ, ಅಷ್ಟೇ ಉದ್ದ ಕೆಳಗೂ ಹೋಗುತ್ತದೆ. ಇನ್ನೊಂದು ಕಾರಣ ನಮ್ಮ ಕಡೆ ಜಾಸ್ತಿ. ಜೀವನವಿಡೀ ಹೊಲದಲ್ಲಿ ಬಗ್ಗಿ ದುಡಿದ ಅಜ್ಜಂದಿರು ಬರುತ್ತಾರೆ, ರಾಮದುರ್ಗ, ಸವದತ್ತಿ ಕಡೆಯಿಂದ. ಬೆನ್ನು ಬಾಗಿರುತ್ತದೆ. ಮೇಜಿನ ಮೇಲೆ ಅಂಗಾತ ಮಲಗಿಸಿದರೆ ತಲೆ ಹಿಂದಕ್ಕೆ ಬಿದ್ದು ಗದ್ದ ಮೇಲಾಗುತ್ತದೆ. ತಲೆ ಕೆಳಗೆ ಮಡಚಿದ ಬಟ್ಟೆ ಇಟ್ಟು, ‘ಅಜ್ಜಾರ, ಒಂದೈದು ನಿಮಿಷ ಅಳ್ಳಾಡಬ್ಯಾಡ್ರಿ’ ಅಂತ ಹೇಳಿ ತಲೆಯ ಸುತ್ತ ಸಿಗ್ನಲ್ ಹಿಡಿಯುವ ಕಾಯಿಲ್ ಮುಚ್ಚುತ್ತೇವೆ. ಅವರಿಗೆ ನೋವಾಗದಿರುವುದು ಮುಖ್ಯ, ಕೋನ ಆಮೇಲೆ. ಹಾಗಾಗಿ ನಿಮ್ಮ ಕೈಗೆ ಬರುವ ಚಿತ್ರದಲ್ಲಿ ತಲೆ ವಾಲಿರುತ್ತದೆ, ಕುತ್ತಿಗೆ ಉದ್ದ ಇರುತ್ತದೆ. ಅದನ್ನು ನೀವು ಕಂಪ್ಯೂಟರಿನಲ್ಲಿ ಸರಿಮಾಡಿಕೊಳ್ಳಬಹುದು.

ಮಾಡುವುದು ಹೀಗೆ. ದಿಕ್ಕು ಸರಿಮಾಡಿದ ಫೈಲಿಗೆ ರೋಬಸ್ಟ್‌ಎಫ್‌ಒವಿ ಓಡಿಸಿ. ಅದು ತಲೆಯ ತುದಿ ಹುಡುಕಿ, ಅಲ್ಲಿಂದ ಕೆಳಗೆ 170 ಮಿಲಿಮೀಟರ್ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸುತ್ತದೆ. ದೊಡ್ಡವರಿಗೆ ಅದು ಸಾಮಾನ್ಯವಾಗಿ ಸಾಕು. ತಲೆ ತುಂಬಾ ವಾಲಿದ್ದರೆ ಸೆರೆಬೆಲ್ಲಂನ ತಳ ಕತ್ತರಿಸಿ ಹೋಯಿತಾ ಅಂತ ನೋಡಿ, ಹೋಗಿದ್ದರೆ ಆ ಅಳತೆಯನ್ನು ಸ್ವಲ್ಪ ಹೆಚ್ಚಿಸಿ. ಮೂಲ ಚಿತ್ರಕ್ಕೂ ಕತ್ತರಿಸಿದ ಚಿತ್ರಕ್ಕೂ ನಡುವಿನ ಮ್ಯಾಟ್ರಿಕ್ಸನ್ನು (ಒಂದರ ಜಾಗ ಇನ್ನೊಂದರಲ್ಲಿ ಎಲ್ಲಿ ಅಂತ ಹೇಳುವ ಅಂಕಿಗಳನ್ನು) ‘-ಎಂ’ ಆಯ್ಕೆ ಹಾಕಿ ಉಳಿಸಿಕೊಳ್ಳಿ. ಮುಂದೆ ಗಾಯದ ಮಾಸ್ಕ್, ಅಂದರೆ ಆ ಜಾಗವನ್ನು ಗುರುತಿಸುವ ಚಿತ್ರ, ಮೂಲ ಚಿತ್ರದ ಮೇಲೆ ಬರೆದಿದ್ದರೆ ಅದು ಬೇಕೇ ಬೇಕಾಗುತ್ತದೆ.

ಆ ಹುಡುಗನ ಫೈಲಿಗೆ ಇದಿಷ್ಟೇ ಮಾಡಿದ್ದು. ಬೆಟ್ ಮತ್ತೆ ಓಡಿಸಿ, ಫ್ಲರ್ಟ್‌ನ ಎಲ್ಲ ಆಯ್ಕೆಯನ್ನೂ ಮೊದಲಿದ್ದ ಹಾಗೇ ಬಿಟ್ಟೆವು. ಮಿದುಳು ನೆಟ್ಟಗೆ ಬಂದು ಕೂತಿತು.

ಬೆಟ್ ಒಳಗೆ ನಡೆಯುವುದು

ಬೆಟ್ ಅನ್ನು ಸ್ಟೀಫನ್ ಸ್ಮಿತ್ 2002ರಲ್ಲಿ ಪ್ರಕಟಿಸಿದರು. ಇಷ್ಟು ವರ್ಷ ಆದಮೇಲೂ ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ತಿಳಿದರೆ ಯಾವ ಆಯ್ಕೆ ಯಾವಾಗ ಅನ್ನುವುದು ತಾನಾಗಿ ಹೊಳೆಯುತ್ತದೆ.

ಮೊದಲು ಅದು ಚಿತ್ರದ ಕಪ್ಪು ಬಿಳುಪನ್ನು ಅಳೆಯುತ್ತದೆ. ತೀರಾ ಕಪ್ಪಿನ 2 ಶೇಕಡ, ತೀರಾ ಬಿಳಿಯ 2 ಶೇಕಡ ವೋಕ್ಸೆಲ್‌ಗಳನ್ನು ಪಕ್ಕಕ್ಕಿಟ್ಟು, ಉಳಿದುದರಿಂದ ತಲೆ ಎಲ್ಲಿ, ಹೊರಗಿನ ಗಾಳಿ ಎಲ್ಲಿ ಅಂತ ಗೆರೆ ಎಳೆಯುತ್ತದೆ. ಆಮೇಲೆ ತಲೆಯ ಗುರುತ್ವ ಕೇಂದ್ರ ಹುಡುಕುತ್ತದೆ. ಅಲ್ಲಿ ಚಿಕ್ಕ ಬಲೂನೊಂದನ್ನು ಇಟ್ಟು ಊದುತ್ತದೆ. ಬಲೂನಿನ ಮೈ ತ್ರಿಕೋನಗಳ ಜಾಲ. ಅದು ಹಿಗ್ಗುತ್ತಾ ಮಿದುಳಿನ ಅಂಚಿಗೆ ಬಂದಾಗ ಬೆಳಕು ದಿಢೀರನೆ ಕಡಿಮೆಯಾಗುತ್ತದೆ, ಯಾಕಂದ್ರೆ ಮಿದುಳಿನ ಸುತ್ತ ಇರುವ ನೀರು ಟಿ1 ಚಿತ್ರದಲ್ಲಿ ಕಪ್ಪು. ಅಲ್ಲಿ ಮೈ ನಿಲ್ಲುತ್ತದೆ.

ಈಗ ಕುತ್ತಿಗೆಯ ತೊಂದರೆ ಅರ್ಥವಾಯಿತಲ್ವಾ? ಕುತ್ತಿಗೆಯ ಕೊಬ್ಬು ಟಿ1ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಗುರುತ್ವ ಕೇಂದ್ರ ಕೆಳಗೆ ಜಾರಿ ಗಂಟಲ ಹತ್ತಿರ ಬರುತ್ತದೆ. ಬಲೂನು ಶುರುವಾಗುವುದೇ ಮಿದುಳಿನ ಹೊರಗೆ. ಆಗ ಅದನ್ನು ಎಷ್ಟು ಊದಿದರೂ ಆಕಾರ ಸರಿ ಬರುವುದಿಲ್ಲ.

‘-ಎಫ್’ ಆಯ್ಕೆ ಹೇಳುವುದು ಅಂಚನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು ಅಂತ. 0ಯಿಂದ 1ರವರೆಗೆ, ಏನೂ ಹೇಳದಿದ್ದರೆ 0.5. ಕಡಿಮೆ ಮಾಡಿದರೆ ಮಿದುಳು ದೊಡ್ಡದಾಗಿ ಬರುತ್ತದೆ, ಹೆಚ್ಚಿಸಿದರೆ ಚಿಕ್ಕದಾಗಿ. ಮಿದುಳಿನ ಅಂಚು ಕೊಯ್ದು ಹೋಗುತ್ತಿದ್ದರೆ 0.4, 0.3 ಹೀಗೆ ಇಳಿಸಿ ನೋಡಿ. ಮಿದುಳನ್ನು ಸುತ್ತಿದ ಗಟ್ಟಿ ಹೊದಿಕೆ, ಅಂದರೆ ಡ್ಯೂರಾ ಪದರ ಉಳಿಯುತ್ತಿದ್ದರೆ 0.55, 0.6ಕ್ಕೆ ಏರಿಸಿ. ‘-ಜಿ’ ಅನ್ನುವುದು ಮೇಲೆ ಕೆಳಗಿನ ಹೊಂದಾಣಿಕೆ. ಅದನ್ನು ಧನ ಸಂಖ್ಯೆ ಮಾಡಿದರೆ ತಳದಲ್ಲಿ ಅಗಲ, ನೆತ್ತಿಯಲ್ಲಿ ಬಿಗಿ. ನೆತ್ತಿಯಲ್ಲಿ ಡ್ಯೂರಾ ಉಳಿದು, ಕೆಳಗೆ ಮಿದುಳಿನ ಪಕ್ಕದ ಟೆಂಪೊರಲ್ ತುದಿ ಕತ್ತರಿಸುತ್ತಿದ್ದರೆ ‘-ಎಫ್’ ಮುಟ್ಟದೆ ‘-ಜಿ’ಗೆ 0.1 ಕೊಡಿ. ಇದು ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ.

‘-ಸಿ’ಯಲ್ಲಿ ಕೇಂದ್ರವನ್ನು ನೀವೇ ಹೇಳಬಹುದು. ಎಫ್‌ಎಸ್‌ಎಲ್‌ಐಸ್‌ನಲ್ಲಿ ಮಿದುಳಿನ ನಡುಮಧ್ಯೆ ಕ್ಲಿಕ್ ಮಾಡಿ, ಅಲ್ಲಿನ ಮೂರು ಅಂಕಿ ಕೊಡಿ. ವೋಕ್ಸೆಲ್ ಅಂಕಿ ಕೊಡಬೇಕು, ಮಿಲಿಮೀಟರ್ ಅಲ್ಲ. ದೊಡ್ಡ ‘-ಆರ್’ ಹಾಕಿದರೆ ಬೆಟ್ ತಾನೇ ಕೇಂದ್ರವನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ. ದೊಡ್ಡ ‘-ಬಿ’ ಹಾಕಿದರೆ ಬೆಳಕಿನ ಏರುಪೇರು ಸರಿಮಾಡಿ, ಉಳಿದ ಕುತ್ತಿಗೆಯನ್ನೂ ತೆಗೆಯಲು ನೋಡುತ್ತದೆ, ಕೆಲವು ನಿಮಿಷ ಹಿಡಿಯುತ್ತದೆ. ದೊಡ್ಡ ‘-ಎಸ್’ ಕಣ್ಣುಗುಡ್ಡೆ ಮತ್ತು ಕಣ್ಣಿನ ನರ ತೆಗೆಯಲು. ಈ ಮೂರನ್ನೂ ಒಟ್ಟಿಗೆ ಹಾಕಲಾಗದು, ಒಂದನ್ನೇ ಆರಿಸಿಕೊಳ್ಳಬೇಕು. ನಾನು ಮೊದಲು ರೋಬಸ್ಟ್‌ಎಫ್‌ಒವಿ, ಆಮೇಲೆ ‘-ಆರ್’ ಜೊತೆ ಬೆಟ್ ಓಡಿಸುತ್ತೇನೆ. ಅದರಿಂದ ಆಗದಿದ್ದರೆ ಮಾತ್ರ ‘-ಬಿ’. ಮಾಸ್ಕ್ ಬೇಕೆಂದರೆ ಚಿಕ್ಕ ‘-ಎಂ’ ಮರೆಯಬೇಡಿ.

ಬೆಳಕಿನ ಏರುಪೇರು ಅಂದರೆ ಬಯಾಸ್ ಫೀಲ್ಡ್. ತಲೆಯ ಕಾಯಿಲ್‌ಗೆ ಹತ್ತಿರ ಇರುವ ಭಾಗ ಬೆಳ್ಳಗೆ, ದೂರದ ಭಾಗ ಮಬ್ಬು. ಅಂಥ ಚಿತ್ರದಲ್ಲಿ ಒಂದೇ ‘-ಎಫ್’ ಒಂದು ಕಡೆ ಸಡಿಲವಾಗುತ್ತದೆ, ಇನ್ನೊಂದು ಕಡೆ ಬಿಗಿಯಾಗುತ್ತದೆ. ಅದಕ್ಕೆ ಮೊದಲೇ ಆಂಟ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಎನ್4 ಓಡಿಸಿ, ಆಮೇಲೆ ಬಿಡಿಸಿ.

ಕಾಂಟ್ರಾಸ್ಟ್ ಔಷಧ ಕೊಟ್ಟ ಮೇಲೆ ತೆಗೆದ ಟಿ1 ಬಳಸಬೇಡಿ, ಮುಂಚಿನದು ಇದ್ದರೆ ಅದೇ ಇರಲಿ. ಆ ಔಷಧದಲ್ಲಿರುವ ಗ್ಯಾಡೋಲಿನಿಯಂ ರಕ್ತಕ್ಕೆ ಸೇರಿದ ಮೇಲೆ ಡ್ಯೂರಾ, ರಕ್ತನಾಳ ಎಲ್ಲ ಹೊಳೆಯುತ್ತವೆ. ಬಲೂನು ನಿಲ್ಲಬೇಕಾದ ಕಪ್ಪು ಅಂಚೇ ಮಾಯವಾಗುತ್ತದೆ. ಹಲ್ಲಿಗೆ ಲೋಹದ ಕ್ಯಾಪ್ ಹಾಕಿಸಿಕೊಂಡವರಲ್ಲಿ ಬಾಯಿಯ ಸುತ್ತ ಕಪ್ಪು ಗುಹೆ ಬರುತ್ತದೆ. ಅದು ಮುಂಭಾಗದ ಮಿದುಳಿನ ತಳದವರೆಗೆ ಹಬ್ಬಿದ್ದರೆ ಆ ಜಾಗದ ಅಂಕಿಗಳನ್ನು ನಂಬಬೇಡಿ, ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ.

ವಯಸ್ಸಾದವರಲ್ಲಿ ಮಿದುಳು ಕುಗ್ಗಿ ಸುತ್ತ ನೀರು ಜಾಸ್ತಿ ಇರುತ್ತದೆ. ಡ್ಯೂರಾ ಬೇರೆಯಾಗಿ ನಿಂತು ಕಾಣುತ್ತದೆ, ಬೆಟ್ ಅದನ್ನೂ ಹಿಡಿದುಕೊಂಡು ಬರುತ್ತದೆ. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬರೀ ರಿಜಿಸ್ಟ್ರೇಶನ್‌ಗಾದರೆ ಸ್ವಲ್ಪ ಡ್ಯೂರಾ ಉಳಿದರೂ ಪರವಾಗಿಲ್ಲ, ಮಿದುಳು ಮಾತ್ರ ಕತ್ತರಿಸಬಾರದು. ಸಡಿಲ ಮಾಸ್ಕನ್ನು ಫ್ಲರ್ಟ್ ಸಹಿಸುತ್ತದೆ, ಟೆಂಪೊರಲ್ ತುದಿಯೇ ಇಲ್ಲದ ಮಿದುಳನ್ನು ಸಹಿಸುವುದಿಲ್ಲ. ಆದರೆ ನೀವು ಮಿದುಳಿನ ಗಾತ್ರ ಅಳೆಯುತ್ತಿದ್ದರೆ ಎರಡೂ ತಪ್ಪೇ. ಮರೆವು ಇರುವ ಅಜ್ಜಿಯೊಬ್ಬರ ಮಿದುಳು ಇಷ್ಟು ಕುಗ್ಗಿದೆ ಅಂತ ಬರೆಯುವ ಮುಂಚೆ, ಆ ಕಡಿಮೆಯಾದದ್ದು ಕಾಯಿಲೆಯಿಂದಲೋ ನಿಮ್ಮ ಮಾಸ್ಕಿನಿಂದಲೋ ಅಂತ ಗೊತ್ತಿರಬೇಕು.

ಇನ್ನೊಂದು ಮಾತು, ತುಂಬಾ ಮುಖ್ಯ. ಒಬ್ಬೊಬ್ಬರಿಗೆ ಒಂದೊಂದು ‘-ಎಫ್’ ಇಟ್ಟು ಚೆಂದ ಮಾಡಲು ಹೋಗಬೇಡಿ. ರೋಗಿಗಳ ಗುಂಪಿಗೆ 0.3, ಆರೋಗ್ಯವಂತರ ಗುಂಪಿಗೆ 0.5 ಇಟ್ಟರೆ ಎರಡು ಗುಂಪಿನ ನಡುವೆ ಕಾಣುವ ವ್ಯತ್ಯಾಸ ನೀವೇ ಮಾಡಿದ್ದಾಗುತ್ತದೆ. ಎರಡೂ ಗುಂಪಿನಿಂದ ಕೆಲವರನ್ನು ಆರಿಸಿ, ಹೆಚ್ಚಿನವರಿಗೆ ಒಗ್ಗುವ ಒಂದು ಅಂಕಿ ಕಂಡುಕೊಂಡು ಎಲ್ಲರಿಗೂ ಅದನ್ನೇ ಇಡಿ. ಆಗಲೂ ಕೆಟ್ಟವನ್ನು ಎಫ್‌ಎಸ್‌ಎಲ್‌ಐಸ್‌ನಲ್ಲಿ ಕೈಯಿಂದ ತಿದ್ದಿ, ಯಾರದ್ದು ತಿದ್ದಿದಿರಿ ಅಂತ ಪಟ್ಟಿಯಲ್ಲಿ ಬರೆದಿಡಿ. ತಿದ್ದುವಾಗ ಅದು ಯಾವ ಗುಂಪಿನವರ ಚಿತ್ರ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಬೆಟ್ ಜೊತೆ ಗುದ್ದಾಡಿ ಸಾಕಾದರೆ ಬೇರೆ ದಾರಿ ಇದೆ. ಹೈಡೆಲ್‌ಬರ್ಗಿನವರ ಎಚ್‌ಡಿ-ಬೆಟ್ 2019ರದ್ದು, ಗಡ್ಡೆ ಇರುವ ಮಿದುಳುಗಳನ್ನೂ ನೋಡಿ ಕಲಿತದ್ದು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬೇಗ ಮುಗಿಯುತ್ತದೆ. ಫ್ರೀಸರ್ಫರ್ ತಂಡದ ಸಿಂತ್‌ಸ್ಟ್ರಿಪ್ 2022ರದ್ದು. ಅದನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿದ ನೂರೆಂಟು ಬಗೆಯ ಚಿತ್ರಗಳಿಂದ ಕಲಿಸಿದ್ದಾರೆ. ಹಾಗಾಗಿ ಟಿ1, ಟಿ2, ಫ್ಲೇರ್ ಅನ್ನುವ ಬೇರೆ ಬೇರೆ ಬಗೆಯ ಸೀರೀಸ್, ದಪ್ಪ ಸ್ಲೈಸು ಯಾವುದಾದರೂ ಹೆದರುವುದಿಲ್ಲ. ನಮ್ಮ ಕಡೆಯ 5 ಮಿಲಿಮೀಟರ್ ಸ್ಕ್ಯಾನುಗಳಿಗೆ ನಾನು ನೇರ ಸಿಂತ್‌ಸ್ಟ್ರಿಪ್ಪನ್ನೇ ಹೇಳುತ್ತೇನೆ. ಮಾಮೂಲಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದರೂ ಮಾಸ್ಕ್ ತೆರೆದು ನೋಡುವ ಕೆಲಸ ತಪ್ಪುವುದಿಲ್ಲ.

ಟೆಂಪ್ಲೇಟಿಗೆ ಕೂರಿಸುವುದು

ಫ್ಲರ್ಟ್ ಮಾಡುವುದು ನೇರ ಹೊಂದಿಕೆ: ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು, ಓರೆ ಮಾಡುವುದು. ಒಂದೊಂದಕ್ಕೆ ಮೂರರಂತೆ ಒಟ್ಟು 12. ಒಬ್ಬರದೇ ಎರಡು ಚಿತ್ರಗಳಾದರೆ 6 ಸಾಕು. ತಲೆ ಅದೇ, ಹಿಗ್ಗಿಸುವ ಮಾತೇ ಇಲ್ಲ. ಒಬ್ಬರ ಮಿದುಳನ್ನು ಟೆಂಪ್ಲೇಟಿಗೆ ಕೂರಿಸುವಾಗ 12. ಒಬ್ಬರದೇ ಟಿ1ಗೂ ಫ್ಲೇರ್‌ಗೂ 12 ಇಟ್ಟು, ಮಿದುಳು ಉದ್ದಕ್ಕೆ ಎಳೆದ ಹಾಗೆ ಬಂತು ಅಂತ ಬರುವವರು ಬಹಳ.

ಫ್ಲರ್ಟ್‌ಗೆ ಎರಡೂ ಕಡೆ ಒಂದೇ ಜಾತಿಯ ಚಿತ್ರ ಕೊಡಿ. ನಿಮ್ಮದು ಬಿಡಿಸಿದ ಮಿದುಳಾದರೆ ಎಂಎನ್‌ಐ152 ಅನ್ನುವ ಟೆಂಪ್ಲೇಟಿನಲ್ಲೂ ಹೆಸರಿನ ಕೊನೆಗೆ ‘ಬ್ರೇನ್’ ಅಂತ ಇರುವ ಫೈಲೇ ಬೇಕು. ಬಿಡಿಸಿದ ಮಿದುಳನ್ನು ಬುರುಡೆ ಇರುವ ಟೆಂಪ್ಲೇಟಿಗೆ ಕೂರಿಸಿದರೆ ಅದು ಬುರುಡೆಯ ಅಂಚಿಗೆ ಹೋಗಿ ಮುಟ್ಟುವಷ್ಟು ಹಿಗ್ಗುತ್ತದೆ.

ಫ್ನರ್ಟ್‌ನಲ್ಲಿ ಇದು ಉಲ್ಟಾ. ಬಾಗಿಸಿ, ಎಳೆದು ಕೂರಿಸುವ ಆ ಕೆಲಸಕ್ಕೆ ಬುರುಡೆ ಸಮೇತ ಇರುವ ಚಿತ್ರವನ್ನೇ ಕೊಡಬೇಕು. ಎಫ್‌ಎಸ್‌ಎಲ್ ಜೊತೆ ಬರುವ ‘ಟಿ1_2_ಎಂಎನ್‌ಐ152_2ಎಂಎಂ’ ಅನ್ನುವ ಕಾನ್ಫಿಗ್ ಫೈಲು ಬುರುಡೆ ಇರುವ ಟೆಂಪ್ಲೇಟನ್ನೇ ಇಟ್ಟುಕೊಂಡಿದೆ. ಹಾಗಾಗಿ ಕ್ರಮ ಹೀಗಿರಲಿ: ಬಿಡಿಸಿದ ಮಿದುಳಿನಿಂದ ಫ್ಲರ್ಟ್ ಓಡಿಸಿ ಮ್ಯಾಟ್ರಿಕ್ಸ್ ಪಡೆಯಿರಿ. ಆ ಮ್ಯಾಟ್ರಿಕ್ಸನ್ನು ಫ್ನರ್ಟ್‌ಗೆ ‘ಎಎಫ್‌ಎಫ್’ ಆಯ್ಕೆಯಲ್ಲಿ ಕೊಡಿ, ಚಿತ್ರ ಮಾತ್ರ ಬಿಡಿಸದೇ ಇರುವುದು. ಹೀಗೆ ಮಾಡುವುದಕ್ಕೆ ಕಾರಣ ಇದೆ. ಬೆಟ್ ಅಂಚಿನಲ್ಲಿ ಚೂರು ಹೆಚ್ಚುಕಡಿಮೆ ಮಾಡಿದ್ದರೆ ಫ್ನರ್ಟ್ ಆ ತಪ್ಪು ಅಂಚನ್ನೇ ಮಿದುಳಿನ ಅಂಚು ಅಂದುಕೊಂಡು ಮಿದುಳಿನ ಹೊರಪದರವನ್ನು, ಅಂದರೆ ಕಾರ್ಟೆಕ್ಸನ್ನು ಎಳೆದಾಡುತ್ತದೆ. ಮಿದುಳು ಸುಕ್ಕುಗಟ್ಟಿ ಬಂದಿದೆ ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದು, ಫ್ನರ್ಟ್‌ಗೆ ಏನು ಕೊಟ್ಟೆ ಅಂತ.

ಸ್ಲೈಸು 5 ಮಿಲಿಮೀಟರ್ ಇದ್ದರೆ ಫ್ನರ್ಟ್ ಬೇಡ. ಅಷ್ಟು ವಿವರ ಚಿತ್ರದಲ್ಲೇ ಇಲ್ಲ, ಇಲ್ಲದ್ದಕ್ಕೆ ಹೊಂದಿಸಲು ಹೋಗಿ ಅದು ಏನೇನೋ ಮಾಡುತ್ತದೆ. 12ರ ಫ್ಲರ್ಟ್‌ಗೆ ನಿಲ್ಲಿಸಿ.

ಮಿದುಳು ತೀರಾ ತಿರುಗಿ ಬಂದರೆ ಹುಡುಕುವ ಕೋನವನ್ನು ಹಿಗ್ಗಿಸಬಹುದು. ಫ್ಲರ್ಟ್ ತಾನಾಗಿ ಮೂರೂ ಅಕ್ಷದಲ್ಲಿ -90ರಿಂದ 90ರವರೆಗೆ ಹುಡುಕುತ್ತದೆ, ಅದನ್ನು -180ರಿಂದ 180 ಮಾಡಿ. ಆದರೆ ದಿಕ್ಕು ಮೊದಲೇ ಸರಿಮಾಡಿದ್ದರೆ ಇದು ಬೇಕಾಗುವುದೇ ಅಪರೂಪ. ಒಂದೇ ಸಲ ಮಲಗಿದಾಗ ತೆಗೆದ ಎರಡು ಸೀರೀಸ್‌ಗಳಾದರೆ ಹುಡುಕುವುದನ್ನೇ ನಿಲ್ಲಿಸಿ, ‘ನೋಸರ್ಚ್’ ಹಾಕಿ ‘ಯೂಸ್‌ಎಸ್‌ಕ್ಯೂಫಾರ್ಮ್’ ಕೊಡಿ. ಎರಡೂ ಯಂತ್ರದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ, ಸಣ್ಣ ತಿದ್ದುಪಡಿ ಸಾಕು.

ಮಿದುಳು ಕೆಲಸ ಮಾಡುವುದನ್ನು ತೋರಿಸುವ ಫಂಕ್ಷನಲ್ ಎಂಆರ್‌ಐ ಚಿತ್ರಕ್ಕೆ ಎಪಿ_ರೆಗ್ ಬಳಸಿ. ಅದು ಬಿಬಿಆರ್ ಅನ್ನುವ ಕ್ರಮದಲ್ಲಿ ನಡೆಯುತ್ತದೆ, ಗ್ರೀವ್ ಮತ್ತು ಫಿಶ್ಲ್ 2009ರಲ್ಲಿ ಕೊಟ್ಟದ್ದು. ಇಡೀ ಚಿತ್ರಕ್ಕಿಂತ ಹೆಚ್ಚಾಗಿ ಬಿಳಿ ದ್ರವ್ಯ, ಬೂದು ದ್ರವ್ಯಗಳ ನಡುವಿನ ಗಡಿಯನ್ನು ನೋಡಿ ಹೊಂದಿಸುತ್ತದೆ. ಇದಕ್ಕೆ ಟಿ1ನ ಎರಡು ಫೈಲು ಬೇಕು: ಬುರುಡೆ ಇರುವುದು ಒಂದು, ಬಿಡಿಸಿದ್ದು ಒಂದು. ಎರಡನ್ನೂ ಅದಲುಬದಲು ಮಾಡಿ ಕೊಡಬೇಡಿ. ಹಣೆಯ ಹಿಂದೆ, ಕಿವಿಯ ಮೇಲ್ಭಾಗದಲ್ಲಿ ಫಂಕ್ಷನಲ್ ಚಿತ್ರ ಕಪ್ಪಾಗಿ, ಎಳೆದಂತೆ ಇದ್ದರೆ ಅದು ರಿಜಿಸ್ಟ್ರೇಶನ್ ತಪ್ಪಲ್ಲ. ಮೂಳೆಯೊಳಗಿನ ಗಾಳಿಯಿಂದ ಕಾಂತಕ್ಷೇತ್ರ ಕದಡಿದ್ದು. ಆ ಕದಡಿದ್ದನ್ನು ಅಳೆದ ಫೀಲ್ಡ್‌ಮ್ಯಾಪ್ ಇದ್ದರೆ ಕೊಡಿ. ಇಲ್ಲದಿದ್ದರೆ ಮುಂದಿನ ಸ್ಕ್ಯಾನಿನಲ್ಲಿ ಫೇಸ್ ದಿಕ್ಕು ಉಲ್ಟಾ ಮಾಡಿದ ಒಂದು ಚಿಕ್ಕ ಸೀರೀಸ್ ತೆಗೆಸಿ, ಅದನ್ನು ಸರಿಮಾಡುವ ಟಾಪ್‌ಅಪ್‌ಗೆ ಆಗುತ್ತದೆ. ಟೆಕ್ನಿಷಿಯನ್‌ಗೆ ಇದು ಒಂದು ನಿಮಿಷದ ಕೆಲಸ.

ಚಿತ್ರವನ್ನು ಮೂರು ಸಲ ಬದಲಿಸಿ ಮೂರು ಸಲ ಬರೆಯಬೇಡಿ, ಪ್ರತಿ ಸಲವೂ ಮಸುಕಾಗುತ್ತದೆ. ಮ್ಯಾಟ್ರಿಕ್ಸ್‌ಗಳನ್ನು ಕನ್ವರ್ಟ್_ಎಕ್ಸ್‌ಎಫ್‌ಎಂನಿಂದ ಜೋಡಿಸಿ, ಕೊನೆಗೆ ಅಪ್ಲೈವಾರ್ಪ್‌ನಿಂದ ಒಂದೇ ಸಲ ಹಾಕಿ. ಮಾಸ್ಕ್, ಲೇಬಲ್ (ಮಿದುಳಿನ ಒಂದೊಂದು ಭಾಗಕ್ಕೆ ಒಂದೊಂದು ಅಂಕಿ) ಇದ್ದರೆ ಇಂಟರ್‌ಪೊಲೇಶನ್, ಅಂದರೆ ಹೊಸ ಜಾಗಕ್ಕೆ ಅಂಕಿ ತುಂಬುವ ಕ್ರಮ, ನಿಯರೆಸ್ಟ್ ನೇಬರ್ ಇರಲಿ. ಇಲ್ಲದಿದ್ದರೆ 3 ಮತ್ತು 5ರ ನಡುವೆ 4 ಅನ್ನುವ ಇಲ್ಲದ ಲೇಬಲ್ ಹುಟ್ಟುತ್ತದೆ.

ಗಾಯ, ಗಡ್ಡೆ ಇದ್ದರೆ

ನಮ್ಮ ಕಡೆ ಫಿಟ್ಸ್ ಅಂತ ಬರುವವರಲ್ಲಿ ಟಿಬಿ ಗಡ್ಡೆ, ಲಾಡಿಹುಳುವಿನ ಮರಿಯಿಂದಾದ ನೀರ್ಗುಳ್ಳೆ ಆಗಾಗ ಕಾಣುತ್ತವೆ. ಪಾರ್ಶ್ವವಾಯುವಿನ ದೊಡ್ಡ ಗಾಯಗಳಂತೂ ಸರಿ. ಟೆಂಪ್ಲೇಟಿನಲ್ಲಿ ಅದೆಲ್ಲ ಇರುವುದಿಲ್ಲ. ಹೊಂದಿಸುವ ಪ್ರೋಗ್ರಾಂ ಆ ಜಾಗವನ್ನು ಮುಚ್ಚಲು ಸುತ್ತಲಿನ ಆರೋಗ್ಯವಂತ ಮಿದುಳನ್ನು ಎಳೆದು ತರುತ್ತದೆ. ಗಾಯ ಚಿಕ್ಕದಾಗಿ ಕಾಣುತ್ತದೆ, ನೀವು ಅಳೆಯುವುದು ತಪ್ಪಾಗುತ್ತದೆ. ಬ್ರೆಟ್ ಮತ್ತವರ ತಂಡ 2001ರಲ್ಲಿ ತೋರಿಸಿದ ದಾರಿ ಇಂದಿಗೂ ಸರಿ: ಗಾಯದ ಜಾಗವನ್ನು ಲೆಕ್ಕದಿಂದ ಹೊರಗಿಡುವುದು. ಗಾಯ ಇರುವಲ್ಲಿ 0, ಉಳಿದೆಡೆ 1 ಇರುವ ಮಾಸ್ಕ್ ಬರೆದು ಫ್ಲರ್ಟ್‌ಗೆ ‘ಇನ್‌ವೇಟ್’ ಆಗಿ ಕೊಡಿ, ಫ್ನರ್ಟ್‌ಗೆ ‘ಇನ್‌ಮಾಸ್ಕ್’ ಆಗಿ ಕೊಡಿ. ಅಂಚಿನಲ್ಲಿ ಊತ ಇದ್ದರೆ ಅದೂ ಮಾಸ್ಕಿನೊಳಗೆ ಬರಲಿ. ಗಾಯ ಮಿದುಳಿನ ಅಂಚಿನಲ್ಲೇ ಇದ್ದರೆ ಬೆಟ್ ಅದನ್ನು ಹೊರಗೆ ಬಿಟ್ಟಿತಾ ಅಂತ ಮೊದಲು ನೋಡಿಕೊಳ್ಳಿ.

ಟೆಂಪ್ಲೇಟು ಯಾರದ್ದು?

ಎಂಎನ್‌ಐ152 ಮಾಂಟ್ರಿಯಲ್‌ನಲ್ಲಿ 152 ಜನರ ಸ್ಕ್ಯಾನ್ ಸೇರಿಸಿ ಮಾಡಿದ್ದು. ಅದು ಸಾಮಾನ್ಯ ಮಿದುಳಿಗಿಂತ ದೊಡ್ಡದಿದೆ. ಹೈದರಾಬಾದಿನ ಐಐಐಟಿಯವರು 2019ರಲ್ಲಿ 100 ಭಾರತೀಯರ ಸ್ಕ್ಯಾನಿನಿಂದ ಅಟ್ಲಾಸ್ ಮಾಡಿದರು, ನಮ್ಮವರ ಮಿದುಳು ಪಾಶ್ಚಾತ್ಯರದ್ದಕ್ಕಿಂತ ಸರಾಸರಿ ಚಿಕ್ಕದು ಅನ್ನುವುದು ಅದರಲ್ಲಿ ಕಂಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2020ರಲ್ಲಿ 6ರಿಂದ 60 ವರ್ಷದವರಿಗೆ ವಯಸ್ಸಿನ ಪ್ರಕಾರ ಐದು ಭಾರತೀಯ ಟೆಂಪ್ಲೇಟುಗಳನ್ನು ಕೊಟ್ಟರು. ಮಕ್ಕಳ ಮೇಲೆ ಕೆಲಸ ಮಾಡುವವರು ಇವನ್ನು ಖಂಡಿತ ಹಾಕಿ ನೋಡಿ. ಟೆಂಪ್ಲೇಟು ಹತ್ತಿರದ್ದಾದಷ್ಟೂ ಮಿದುಳನ್ನು ಎಳೆದಾಡುವುದು ಕಡಿಮೆ. ಆದರೆ ನಿಮ್ಮ ಫಲಿತಾಂಶವನ್ನು ಬೇರೆಯವರ ಅಂಕಿಗಳ ಜೊತೆ ಇಟ್ಟು ನೋಡಬೇಕಾದರೆ ಕೊನೆಗೆ ಎಂಎನ್‌ಐ ಅಳತೆಗೂ ಬರಬೇಕಾಗುತ್ತದೆ, ಅದಕ್ಕೆ ಮೊದಲೇ ಯೋಚಿಸಿ.

ಕಣ್ಣಿನಿಂದ ನೋಡುವ ಕೆಲಸ

ಎಲ್ಲ ಮುಗಿದ ಮೇಲೆ ಸ್ಲೈಸಸ್‌ಡಿರ್ ಓಡಿಸಿ. ಎಲ್ಲರ ಚಿತ್ರಗಳನ್ನೂ ಒಂದರ ಕೆಳಗೆ ಒಂದು ಜೋಡಿಸಿ ಬ್ರೌಸರಿನಲ್ಲಿ ತೆರೆಯುವಂತೆ ಮಾಡಿಕೊಡುತ್ತದೆ. ‘-ಪಿ’ ಹಾಕಿ ಟೆಂಪ್ಲೇಟು ಕೊಟ್ಟರೆ ಅದರ ಅಂಚು ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಹೊರ ಅಂಚು ಕೂತಿದೆ ಅಂತ ಖುಷಿಪಡಬೇಡಿ, ಅದು ಎಲ್ಲರದ್ದೂ ಕೂರುತ್ತದೆ. ಒಳಗೆ ನೋಡಿ. ವೆಂಟ್ರಿಕಲ್‌ಗಳ (ಮಿದುಳೊಳಗಿನ ನೀರಿನ ಕೋಣೆಗಳ) ಗೆರೆ ವೆಂಟ್ರಿಕಲ್ ಮೇಲೇ ಇದೆಯಾ? ಪಕ್ಕದಿಂದ ಕಾಣುವ ಚಿತ್ರದಲ್ಲಿ ಎಡ ಬಲ ಮಿದುಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಂನ ಬಿಲ್ಲು ಹೊಂದಿದೆಯಾ? ಸೆರೆಬೆಲ್ಲಂಗೂ ಅದರ ಮೇಲಿನ ದೊಡ್ಡ ಮಿದುಳಿಗೂ ನಡುವಿನ ಓರೆ ಗೆರೆ ಎಲ್ಲಿದೆ? ಟೆಂಪೊರಲ್ ತುದಿಗಳು ಎರಡೂ ಇವೆಯಾ? ನಾನು ಕೊನೆಗೆ ನೋಡುವುದು ಬ್ರೇನ್‌ಸ್ಟೆಮ್, ಮಿದುಳಿನ ಕಾಂಡ. ತಲೆ ವಾಲಿದ್ದವರಲ್ಲಿ ಮೇಲೆಲ್ಲ ಸರಿ ಇದ್ದು ಅದು ಮಾತ್ರ ಹಿಂದೆ ಮುಂದೆ ಆಗಿರುತ್ತದೆ.

ಅನುಮಾನ ಬಂದವನ್ನು ಎಫ್‌ಎಸ್‌ಎಲ್‌ಐಸ್‌ನಲ್ಲಿ ಟೆಂಪ್ಲೇಟಿನ ಮೇಲಿಟ್ಟು, ಮೇಲಿನದನ್ನು ಆಫ್ ಆನ್ ಮಾಡುತ್ತಾ ನೋಡಿ. ಒಂದು ಕಡೆ ಜಿಗಿದಂತೆ ಕಂಡರೆ ಅಲ್ಲಿ ಹೊಂದಿಲ್ಲ. ಈ ಕೆಲಸವನ್ನು ಕಣ್ಣು ಸೋತಾಗ ಮಾಡಬೇಡಿ. ಸಾಧ್ಯವಾದರೆ ಇನ್ನೊಬ್ಬರಿಗೂ ತೋರಿಸಿ, ಅವರು ಬೇರೆಯಾಗಿ ಗುರುತು ಹಾಕಲಿ.

ರೋಗಿ ಅಲುಗಾಡಿ ಚಿತ್ರದಲ್ಲಿ ಅಲೆ ಅಲೆಯಾಗಿ ಗೆರೆಗಳು ಬಂದಿದ್ದರೆ ಅದನ್ನು ಯಾವ ಆಜ್ಞೆಯೂ ಸರಿಮಾಡುವುದಿಲ್ಲ. ಅದನ್ನು ಬಿಟ್ಟುಬಿಡಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ.

ಸಹಾಯ ಕೇಳಿ ಯಾರಿಗಾದರೂ ಕಳಿಸುವ ಮುಂಚೆ ರೋಗಿಯ ಹೆಸರು, ನಂಬರು ತೆಗೆಯಿರಿ. 3ಡಿ ಟಿ1ನಲ್ಲಿ ಮುಖವೂ ಇರುತ್ತದೆ, ಅದರಿಂದ ಮನುಷ್ಯರ ಮುಖವನ್ನು ಪರದೆ ಮೇಲೆ ಮತ್ತೆ ಮೂಡಿಸಬಹುದು. ಎಫ್‌ಎಸ್‌ಎಲ್_ಡೀಫೇಸ್ ಓಡಿಸಿ ಮುಖ ಅಳಿಸಿ. ಬರೀ ಅಡ್ಡ ಬಂದ ಕೊನೆಯ ಚಿತ್ರ ಕಳಿಸಿದರೆ ಯಾರಿಗೂ ಏನೂ ಹೇಳಲಾಗದು. ಮೂಲ ಚಿತ್ರ, ಬಿಡಿಸಿದ ಮಿದುಳು, ನೀವು ಹೊಡೆದ ಆಜ್ಞೆಗಳು, ಎಫ್‌ಎಸ್‌ಎಲ್‌ಎಚ್‌ಡಿ ಕೊಟ್ಟ ಹೆಡರ್ (ಫೈಲಿನ ಅಳತೆ, ದಿಕ್ಕಿನ ವಿವರ), ಇವು ನಾಲ್ಕೂ ಇರಲಿ.